ಗುಂಡಣ್ಣನ ಮೂಗು

ವಿಮಾನ ನಿಲ್ದಾಣದಲ್ಲಿ ಲಗೇಜು ಬರುವ ಬೆಲ್ಟಿನ ಪಕ್ಕ ನಿಂತಿದ್ದ ಮುದುಕನ ಮುಂದೆ ಗುಂಡಣ್ಣ ಬಂದು ಕೂತುಬಿಟ್ಟ. ಗುಂಡಣ್ಣ ಬೀಗಲ್ ಜಾತಿಯ ನಾಯಿ. ಹೊರದೇಶದಿಂದ ಯಾರಾದರೂ ಹಣ್ಣು, ಬೀಜ, ಗಿಡ ಬಚ್ಚಿಟ್ಟು ತಂದರೆ ವಾಸನೆ ಹಿಡಿದು ಅವರೆದುರು ಕೂರುವುದೇ ಅವನ ಕೆಲಸ. ಕೂತರೆ ಬಿಸ್ಕತ್ತು.

ಅವನನ್ನು ನೋಡಿಕೊಳ್ಳುವವಳು ಪಕ್ಕದಲ್ಲಿದ್ದ ಮೇಲಧಿಕಾರಿಯತ್ತ ಕಳ್ಳನೋಟ ಬೀರಿದಳು. ಈಚೆಗೆ ಗುಂಡಣ್ಣ ಬಿಸ್ಕತ್ತಿನ ಆಸೆಗೆ ಸುಮ್ಮಸುಮ್ಮನೆ ಕೂರುವ ನಾಟಕ ಕಲಿತಿದ್ದ. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೆದು ಯಾರಿಗಾದರೂ ಕೊಟ್ಟುಬಿಡುವುದೇ ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದ.

ಮುದುಕನ ಚೀಲ ಬಿಚ್ಚಿದರು. ಬಟ್ಟೆ, ಕನ್ನಡಕದ ಪೆಟ್ಟಿಗೆ, ಮೊಮ್ಮಗುವಿಗೊಂದು ಉಲ್ಲನ್ ಟೋಪಿ. ಒಂದು ಎಲೆಯೂ ಇಲ್ಲ.

"ಏಳೋ ಗುಂಡಣ್ಣ," ಎಂದು ಅವಳು ಹಗ್ಗ ಎಳೆದಳು. ಅವನು ಜಗ್ಗಲಿಲ್ಲ. ಆ ಜಾತಿಯೇ ಹಾಗೆ. ಮೂಗು ಒಂದು ಮಾತು ಹೇಳಿತೆಂದರೆ ಆ ಬ್ರಹ್ಮನೇ ಬಂದು ಕರೆದರೂ ಕೇಳಿಸುವುದಿಲ್ಲ. ಅಷ್ಟುದ್ದ ಕಿವಿ ಇರುವುದು ಬರೀ ಅಲಂಕಾರಕ್ಕೆ.

"ಆಯ್ತಲ್ಲಮ್ಮ, ನಾಳೆಯಿಂದ ಇವನನ್ನ ಕರ್ಕೊಂಡು ಬರ್ಬೇಡ," ಎಂದ ಮೇಲಧಿಕಾರಿ. "ನೀವು ಹೊರಡಿ ಅಜ್ಜಾ, ಸುಮ್ನೆ ತೊಂದರೆ ಕೊಟ್ವಿ."

"ಇವನು ಹೊಟ್ಟೆಬಾಕ, ನಿಜ ಸಾರ್. ಆದ್ರೆ ಇವತ್ತು ಸುಳ್ಳು ಹೇಳ್ತಿಲ್ಲ." ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು.

ಮುದುಕ ಬಾಗಿಲ ಕಡೆ ಹೆಜ್ಜೆ ಹಾಕಿದ. ಗುಂಡಣ್ಣ ಅವಳನ್ನೂ ಎಳೆದುಕೊಂಡು ಹಿಂದೆಯೇ ಹೋಗಿ, ಬಾಲ ಆಡಿಸುತ್ತಾ ಮತ್ತೆ ಅವನೆದುರು ಕೂತ. ಮುದುಕ ಆ ಮುಖವನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

"ಪಾಪ, ಇವನ ಅನ್ನ ಕಿತ್ಕೋಬೇಡಿ. ಇವನು ಹೇಳಿದ್ದು ಸರಿ." ಕೋಟಿನ ಒಳಜೇಬಿನಿಂದ ಒದ್ದೆ ಬಟ್ಟೆ ಸುತ್ತಿದ ನಿಂಬೆ ಗಿಡದ ಕಡ್ಡಿಯೊಂದನ್ನು ತೆಗೆದ. "ನನ್ನವಳು ನೆಟ್ಟ ಗಿಡ. ಈಗ ಅವಳಿಲ್ಲ, ಮನೇನೂ ಮಾರಿದ್ದಾಯ್ತು. ಮಗಳ ಹಿತ್ತಲಲ್ಲಿ ಊರೋಣ ಅಂತ..."

ಬಿಡುವ ಹಾಗಿರಲಿಲ್ಲ. ಹಿಡಿದದ್ದನ್ನು ಸುಡಲೆಂದು ಇಟ್ಟ ಡಬ್ಬಿಗೆ ಕಡ್ಡಿಯನ್ನು ಅವಳೇ ಹಾಕಿದಳು. ಬಿಸ್ಕತ್ತು ನುಂಗಿದ ಗುಂಡಣ್ಣ ಹಳೆಯ ನೆಂಟನನ್ನು ಕಂಡವನಂತೆ ಮುದುಕನ ಕಾಲಿಗೆ ಮೈ ಉಜ್ಜಿದ, ಕೈ ಮೂಸಿದ, ಮತ್ತೆ ಕೂತ.

"ಇನ್ನೂ ಏನಿದೆ?" ಮೇಲಧಿಕಾರಿ ಹುಬ್ಬು ಗಂಟಿಕ್ಕಿದ.

ಮುದುಕ ಅಂಗೈಯನ್ನು ಮೂಗಿನ ಹತ್ತಿರ ತಂದುಕೊಂಡು ನಿಧಾನವಾಗಿ ಉಸಿರೆಳೆದುಕೊಂಡ. ಆಮೇಲೆ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ.

"ಇದನ್ನೂ ಡಬ್ಬಿಗೆ ಹಾಕ್ಬೇಕಾ, ತಾಯಿ?"