ಬದಲಿ ಎಂಜಿನ್

ಕಡಲತೀರದಲ್ಲಿ ಬಾಡಿಗೆಗೆ ಬಿಡುವ, ನಿಂತು ಓಡಿಸುವ ಜೆಟ್‌ಸ್ಕಿಗೆ ಬದಲಿ ಎಂಜಿನ್ ಆರಿಸಲು ಧಣಿಗಳು ಗ್ಯಾರೇಜಿಗೆ ಬಂದಿದ್ದರು. ಅಲ್ಲಿ ಎರಡಿದ್ದವು.

"ದೊಡ್ಡದೇ ಇರಲಿ."

"ಬೇಡ ಮಾರಾಯ್ರೆ, ಮೂತಿ ಭಾರ ಆಗ್ತದೆ," ಎಂದ ಮೆಕ್ಯಾನಿಕ್. "ಹಳೆಯದು ಹೇಗೆ ಹೋಯ್ತು?"

"ನಮ್ಮ ವಾಮನನ ಕೆಲಸ. ಸಂಜೆ ಒಳಗಿನ ಸಮುದ್ರದ ಉಪ್ಪು ತೊಳೆಯುವಾಗ ಪೈಪಿನ ನೀರು ಬಿಡುವ ಮೊದಲೇ ಎಂಜಿನ್ ಶುರು ಮಾಡ್ತಿದ್ದ. ಕಣ್ಣಾರೆ ಕಂಡೆ. ಪ್ರವಾಸಿಗಳ ಎದುರೇ ಬೈದು ಓಡಿಸಿದೆ."

ಹನ್ನೊಂದು ವರ್ಷ ದುಡಿದವನು ತಲೆ ತಗ್ಗಿಸಿ ಹೋದದ್ದು ನೆನಪಾಗಿ ಧಣಿಗಳಿಗೆ ಎದೆಯೊಳಗೆ ಚುರುಕ್ಕೆಂದಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಕಟ್ ಮಾಡಿದರು. "ಅವನೇ. ವಾರದಿಂದ ಇದೇ ಕಾಟ. ಕೆಲಸಕ್ಕೆ ಗೋಗರೆಯಲಿಕ್ಕೆ."

"ಎಂಜಿನ್ ಕೆಟ್ಟದ್ದು ಯಾವಾಗ?"

"ಅವನು ಹೋಗಿ ನಾಲ್ಕು ದಿನಕ್ಕೆ."

"ಆ ನಾಲ್ಕು ದಿನ ತೊಳೆದದ್ದು ಯಾರು?"

"ನಾನೇ. ಮೊದಲು ನೀರು, ಆಮೇಲೆ ಎಂಜಿನ್."

ಮೆಕ್ಯಾನಿಕ್ ಕೈಯ ಸ್ಪ್ಯಾನರ್ ಕೆಳಗಿಟ್ಟ. "ಎಂಜಿನ್ ಓಡದೆ ನೀರು ಬಿಟ್ರೆ ಅದು ಸೀದಾ ಸಿಲಿಂಡರಿಗೆ ನುಗ್ತದೆ. ಅವನು ಮಾಡಿದ್ದೇ ಸರಿ ಧಣಿ. ಕೆಡಿಸಿದ್ದು ನೀವು."

ಧಣಿಗಳ ಮುಖ ಕಪ್ಪಿಟ್ಟಿತು. ಎರಡು ಎಂಜಿನ್‌ಗಳನ್ನೂ ನೋಡಲಾಗದೆ ನೆಲ ನೋಡುತ್ತ ನಿಂತರು. ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಕಟ್ ಮಾಡದೆ ಕಿವಿಗೆ ಹಿಡಿದರು.

"ಧಣಿ, ಇಡ್ಬೇಡಿ, ನಾನು ಕೆಲಸ ಕೇಳ್ಲಿಕ್ಕಲ್ಲ. ಅವತ್ತು ನೀವು ಬೈಯುವಾಗ ಹೇಳ್ಲಿಕ್ಕೆ ಆಗ್ಲಿಲ್ಲ. ಎಂಜಿನ್ ಶುರು ಮಾಡುವ ಮೊದಲು ನೀರು ಬಿಡ್ಬೇಡಿ, ಹಾಳಾಗ್ತದೆ."