ಮಾವನ ನಾಮು

ತಂತಿ ಪಟ್ಟೆಂದು ಹರಿದು ನ್ಯೀಮಾಳ ಮಣಿಕಟ್ಟಿಗೆ ಬಡಿಯಿತು. ಬ್ರಿಕಾಮಾ ಊರಿನ ದೊಡ್ಡ ಸಭಾಂಗಣದಲ್ಲಿ ಅದು ಅವಳ ಮೊದಲ ಕಛೇರಿ. ಹಾಡು ಅರ್ಧಕ್ಕೆ ಬಂದಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಎದುರಿಗಿದ್ದ ಸೋರೆಬುರುಡೆಯ ವಾದ್ಯ ಕೋರಾದಲ್ಲಿ ಇನ್ನೂ ಇಪ್ಪತ್ತು ತಂತಿಗಳಿದ್ದವು ನಿಜ. ಆದರೆ ಪ್ರತಿ ಸಾಲೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಹರಿದುಹೋದ ಆ ಒಂದರ ಮೇಲೆಯೇ.

ಪಕ್ಕದಲ್ಲಿ ಫೊದೇ ಮಾವ ಕೂತಿದ್ದ. ಊರಿನಲ್ಲಿ ಯಾರೇ ಕೋರಾ ನುಡಿಸಲಿ, ಸಾಲು ಮುಗಿದಾಗ "ನಾಮು" ಎಂದು ಒಪ್ಪಿಗೆ ಕೊಡುವ ಬಾಯಿ ಅವನದು. ಇವತ್ತು ಆ ಬಾಯಿಗೆ ಬೀಗ ಬಿದ್ದಿತ್ತು. "ನಿನ್ನ ಬೆರಳು ಓಡುತ್ತೆ ಕಣೇ, ಹಾಡು ಹಿಂದೇನೇ ಉಳಿಯುತ್ತೆ. ನಿಮ್ಮಮ್ಮ ಕರೆದ್ಲು ಅಂತ ಬಂದು ಕೂರ್ತೀನಿ. ನಾಮು ಮಾತ್ರ ಕೇಳ್ಬೇಡ," ಎಂದು ಬೆಳಿಗ್ಗೆಯೇ ಹೇಳಿದ್ದ. ಅವನು ಸುಮ್ಮನಿದ್ದುದಕ್ಕೆ ಸಭೆಯೂ ಸುಮ್ಮನಿತ್ತು. ಮುಂದೆ ಕೂತ ಹಿರಿಯರು ಕೋಲಾ ಬೀಜ ಅಗಿಯುತ್ತ ಅವನ ಮುಖವನ್ನೇ ನೋಡುತ್ತಿದ್ದರು.

ಸಾಲಿನ ಕೊನೆ ಬಂತು. ನ್ಯೀಮಾಳ ಹೆಬ್ಬೆರಳು ತಂತಿಯಿಲ್ಲದ ಜಾಗಕ್ಕೆ ಹೋಗಿ ತಡವರಿಸಿತು. ಬೇರೆ ದಾರಿ ಕಾಣದೆ ಆ ಸ್ವರವನ್ನು ಅವಳು ಕೊರಳಿನಿಂದಲೇ ಎತ್ತಿ ಅಲ್ಲಿಟ್ಟಳು. ಮುಂದಿನ ಸಾಲಿಗೂ ಹಾಗೆಯೇ ಮಾಡಿದಳು. ಅದರ ಮುಂದಿನದಕ್ಕೆ ಬರುವಷ್ಟರಲ್ಲಿ ಬೆರಳುಗಳು ಓಡುವುದನ್ನೇ ಬಿಟ್ಟು ಕೊರಳಿಗಾಗಿ ಕಾಯತೊಡಗಿದವು. ಅಗಿಯುತ್ತಿದ್ದ ದವಡೆಗಳು ನಿಂತವು.

ಫೊದೇ ಮಾವ ತೊಡೆ ತಟ್ಟಿದ. "ನಾಮು!"

ಕೊನೆಯ ಬೆಂಚಿನವರೆಗೂ ಅದು ಮುಟ್ಟಿತು. ಸಭೆಗೆ ಸಭೆಯೇ "ನಾಮು! ನಾಮು!" ಎನ್ನುತ್ತ ಎದ್ದು ನಿಂತಿತು. ಆ ಗದ್ದಲದಲ್ಲಿ ಮಾವ ಅವಳ ಕಿವಿಯ ಹತ್ತಿರ ಬಗ್ಗಿದ.

"ಆ ತಂತೀನ ಮತ್ತೆ ಕಟ್ಟಬೇಡ ಕಣೇ."