ಬೇಳೆ ಬೇಯುವ ನೀರು

ಈಗ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲಿ ತೊಗರಿಬೇಳೆ ಕುಕ್ಕರಿನ ಎರಡೇ ಕೂಗಿಗೆ ಕರಗಿ ಘಮ್ಮೆನ್ನುತ್ತದೆ; ಆ ವಾಸನೆ ಬಂದರೆ ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಅಪ್ಪ ನಮ್ಮೂರು ಸಾದಲಿಯ ಹಿಪ್ಪುನೇರಳೆ ತೋಟದಲ್ಲಿ ಬೋರು ಕೊರೆಸಿದ್ದರು. ನೀರು ಚಿಮ್ಮಿದ ದಿನ ಊರಿಗೆಲ್ಲ ಪಾನಕ ಹಂಚಿದ್ದೆವು. ತೋಟವೇನೋ ಹಸಿರಾಯಿತು. ಆದರೆ ಅದು ಸವುಳು ನೀರು, ಎಷ್ಟು ಸೌದೆ ಉರಿಸಿದರೂ ಬೇಳೆ ಕಲ್ಲಿನ ಹಾಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ನೆಂಟರು ಬಂದರು. ಅಮ್ಮ ನನ್ನ ಕೈಗೆ ಹಿತ್ತಾಳೆ ಬಿಂದಿಗೆ ಕೊಟ್ಟು, "ಮುನಿಯಮ್ಮಜ್ಜಿ ಬಾವೀಲಿ ಸಿಹಿನೀರು ಸೇದ್ಕೊಂಡು ಬಾರೆ" ಅಂದಳು. ಅಜ್ಜಿಯ ಮನೆ ಮುಂದಿನ ಆ ಬಾವಿ ನಮ್ಮ ತೋಟದ ಬೇಲಿಗೆ ಅಂಟಿಕೊಂಡೇ ಇತ್ತು.

ಹಗ್ಗವನ್ನು ಪೂರ್ತಿ ಬಿಟ್ಟೆ. ಬಿಂದಿಗೆ ತಳದ ಬಂಡೆಗೆ ಬಡಿದು ಠಣ್ಣೆಂದಿತು. ಬೇಲಿಯಾಚೆ ನಮ್ಮ ಮೋಟಾರು ಗುಂಯ್‌ಗುಡುತ್ತಲೇ ಇತ್ತು.

ಸದ್ದು ಕೇಳಿ ಅಜ್ಜಿ ಹೊರಗೆ ಬಂದಳು. "ಬಾವಿ ಬತ್ತೋಯ್ತು ಕಣಮ್ಮ. ಬೇಳೆಗೆ ತಾನೆ?" ಎಂದು ಒಳಗಿನಿಂದ ತನ್ನ ಮಡಕೆ ತಂದು ನನ್ನ ಬಿಂದಿಗೆಗೆ ಬಗ್ಗಿಸಿದಳು. ಕೊನೆಗೆ ಬಂದ ಮಣ್ಣನ್ನು ಅಂಗೈಯಲ್ಲಿ ತಡೆದಳು. "ನಿಮ್ಮಪ್ಪನ ಬೋರಲ್ಲಿ ನೀರು ಚೆನ್ನಾಗಿ ಬರ್ತಾ ಐತಂತಲ್ಲಮ್ಮ, ಒಳ್ಳೇದಾಯ್ತು ಬಿಡು."

ಊಟದಲ್ಲಿ ನೆಂಟರು ಬೇಳೆ ಬೆಣ್ಣೆಯ ಹಾಗೆ ಬೆಂದಿದೆ ಎಂದು ಹೊಗಳಿದರು.

"ಎಲ್ಲಾ ನಮ್ಮ ಬೋರಿನ ನೀರು" ಅಂದರು ಅಪ್ಪ.

ಅಮ್ಮ ನನ್ನ ಮುಖ ನೋಡಿದಳು. ನಾನು ಇನ್ನೊಂದು ಸೌಟಿಗೆ ತಟ್ಟೆ ಚಾಚಿದೆ.